ಅಲ್ಲಾಡಬೇಡಿ

ಮೊದಲ ಸಲ ಅದು ‘ಟಕ್’ ಅಂದಾಗ
ಕುರ್ಚಿಯಲ್ಲಿದ್ದ ಕಬ್ಬಿನ ಲಾರಿ ಡ್ರೈವರು
ತನ್ನ ಕತ್ತಿನದೇ ನೆಟಿಗೆ ಅಂದುಕೊಂಡು
‘ಆ ಕಡೇದೂ ಒಂದು ತೆಗಿ ಚೆಲುವಣ್ಣ’ ಅಂದ.
ನನ್ನ ಉಂಗುರದ ಬೆರಳು
ಕತ್ತರಿಯ ಬಳೆಯೊಳಗೆ ಮಡಚಿದ್ದು ಮಡಚಿದ ಹಾಗೇ ಇತ್ತು.

ಬೆಳಗಿನ ಹೊತ್ತು ಜಾಸ್ತಿ.
ಶೆಟರ್ ಎತ್ತುವ ಮುಂಚೆ ಎಡಗೈಯಿಂದ ಬಿಡಿಸಬೇಕು,
ಹಟ ಹಿಡಿದ ಮಗುವಿನ ಮುಷ್ಟಿಯಿಂದ ನಾಣ್ಯ ಬಿಡಿಸಿದ ಹಾಗೆ.

ಗುತ್ತಲು ರಸ್ತೆಯಲ್ಲಿ ಸುದ್ದಿ ಹಬ್ಬಲು ಮೂರು ಗಡ್ಡ ಸಾಕು.
ಹರಳೆಣ್ಣೆ ಬಿಸಿ ಮಾಡಿ ತಿಕ್ಕು ಅಂದರು.
ಬೆಲ್ಲ ಸುಣ್ಣದ ಪಟ್ಟು ಹಾಕು ಅಂದ ಆಲೆಮನೆ ಬೋರಯ್ಯ;
ಬೆಲ್ಲ ಅವನೇ ತಂದ, ಇರುವೆ ತಾವಾಗೇ ಬಂದವು.
‘ಐದು ಬೆರಳೂ ಸಮ ಇರ್ತವೇನಯ್ಯ’ ಅಂದರು ರಿಟೈರಾದ ಮೇಷ್ಟ್ರು.
ಸಮ ಇರೋದು ಬೇಡ ಸಾರ್, ಬಿಚ್ಚಿಕೊಂಡರೆ ಸಾಕು.

ದೊಡ್ಡಾಸ್ಪತ್ರೆಯ ಡಾಕ್ಟರ್ ಪೊನ್ನಮ್ಮ ಚಿಕ್ಕವರು,
ಕ್ರಾಪು ಯಾರೋ ಅವಸರದಲ್ಲಿ ಹೊಡೆದದ್ದು, ಎಡಕ್ಕೆ ಒಂದೆಳೆ ಉದ್ದ.
ಅಂಗೈಯಲ್ಲಿ ಬೆರಳಿನ ಬುಡ ಒತ್ತಿದರು. ಜೀವ ಹೋಯಿತು.
‘ಚಡ್ಡಿ ಲಾಡಿಗೆ ಗಂಟು ಬಿದ್ದರೆ
ಮಡಿಕೆಯೊಳಗೆ ಎಳೆಯಕ್ಕಾಗುತ್ತಾ? ಅಷ್ಟೇ ಇದು.’
ಓದಿದವರು ಇಷ್ಟು ಚೆನ್ನಾಗಿ ಹೇಳಿದ್ದು ನಾನು ಕೇಳಿರಲಿಲ್ಲ.

ಆರು ವಾರ ಪಟ್ಟಿ.
ಐಸ್‌ಕ್ಯಾಂಡಿ ಕಡ್ಡಿಗಿಂತ ಕೊಂಚ ಅಗಲದ ಪ್ಲಾಸ್ಟಿಕ್ಕು,
ಬೆರಳು ನೆಟ್ಟಗೆ, ಮಂತ್ರಿ ಬಂದಾಗಿನ ಪೊಲೀಸು.
ಕತ್ತರಿ ಗೂಡು ಸೇರಿತು, ಮಷೀನು ಓಡಿತು,
ಕೆಲವರು ಎದ್ದು ಎದುರಂಗಡಿಗೆ ಹೋದರು.
ಅವರ ತಲೆ, ಅವರಿಷ್ಟ.

ಆಮೇಲೆ ಇಂಜೆಕ್ಷನ್ನು.
‘ಸಕ್ಕರೆ ಇದೆಯಾ?’
ಮಂಡ್ಯದವನನ್ನು ಕೇಳುವ ಮಾತೇ ತಾಯಿ!
ಇತ್ತು. ಚುಚ್ಚಿದ ವಾರ ಇನ್ನೂರೈವತ್ತು ದಾಟಿತು,
ಬೆರಳು ಮಾತ್ರ ಬೆಣ್ಣೆ.
ನಾಲ್ಕು ತಿಂಗಳು ಬೆಣ್ಣೆ.
ಗೌರಿ ಹಬ್ಬದ ಹಿಂದಿನ ದಿನ, ಅಂಗಡಿ ತುಂಬ ಜನ, ಟಕ್.

‘ಇನ್ನೊಂದು ಸಲ ಚುಚ್ಚಬಹುದು,
ಸಕ್ಕರೆ ಇರೋರಿಗೆ ಅಷ್ಟು ನಿಲ್ಲೋಲ್ಲ.
ಇಲ್ಲಾಂದ್ರೆ ಕುಯ್ಯೋಣ. ಅಡಕೆ ಹೋಳಿನಷ್ಟು.’
ಸುಮ್ಮನೆ ಬಿಟ್ಟರೆ?
‘ಬಿಡಬಹುದು. ಸಾಯೋದಿಲ್ಲ. ಬೆರಳು ಹಾಗೇ ಕೂತುಬಿಡಬಹುದು.’
ಆಯುಧ ಹಿಡಿದು ಮೂವತ್ತೊಂದು ವರ್ಷ,
ಅದರ ಈ ತುದಿಯಲ್ಲಿ ನಾನು ನಿಂತಿರಲೇ ಇಲ್ಲ.

ಮಂಗಳವಾರ ಕೊಡಿ ಅಂದೆ. ಅವತ್ತು ಅಂಗಡಿ ರಜಾ.

ಅಂಗೈಗಷ್ಟೇ ಮಂಪರು, ನನಗಿಲ್ಲ.
‘ಅಲ್ಲಾಡಬೇಡಿ’ ಅಂದರು.
ಎಷ್ಟು ಮಕ್ಕಳಿಗೆ ಹೇಳಿದ್ದೇನೆ ಇದನ್ನ,
ಕುರ್ಚಿಯ ಕೈಗಳ ಮೇಲೆ ಹಲಗೆ ಹಾಕಿ ಕೂರಿಸಿ, ಗಲ್ಲ ಹಿಡಿದು;
ಮುಹೂರ್ತಕ್ಕೆ ತಡವಾದ ಮದುವೆ ಗಂಡುಗಳಿಗೆ;
ಕೊನೆಯ ಸಲ ಅಪ್ಪನ ಗಡ್ಡ ತೆಗೆಯುವಾಗ
ಚಾಪೆಯ ಮೇಲೆ ತಣ್ಣಗಾಗಿದ್ದ ಅಪ್ಪನಿಗೂ.
ಅಭ್ಯಾಸ.

ನಾನೂ ಅಲ್ಲಾಡಲಿಲ್ಲ. ಒಳ್ಳೆಯ ಗಿರಾಕಿ.
ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ, ‘ಈಗ ಅಲ್ಲಾಡಿಸಿ.’
ಹೊಲಿಗೆ ಹಾಕದೆಯೇ? ಗಾಯ ತೆರೆದಿರುವಾಗಲೇ?
‘ಮತ್ತೆ ನೀವು ಅಲ್ಲಾಡಿಸದೆ ನನಗೆ ಗೊತ್ತಾಗೋದು ಹೆಂಗೆ?’
ಮಡಚಿದೆ.
ಬಿಡಿಸುತ್ತ ಹಲ್ಲು ಕಚ್ಚಿ ಕಾದೆ ಆ ಸದ್ದಿಗೆ,
ಗಡಿಯಾರ ನಿಂತಾಗ ಕಿವಿ ಕಾಯುವ ಹಾಗೆ.

ಹೊಲಿಗೆ ಬಿಚ್ಚಿದ ಮೇಲಿನ ಮೊದಲ ತಲೆ ಒಂದು ಪುಟ್ಟ ಹುಡುಗನದು.
ಹಲಗೆಯ ಮೇಲೆ ಕೂತ, ನೊಣ ನೋಡಿದ, ಕನ್ನಡಿಗೆ ನಾಲಿಗೆ ಚಾಚಿದ.
ಅಂಗೈಯ ಹೊಸ ಗೆರೆಗೆ ಕತ್ತರಿಯ ಬಳೆ ತಾಗಿ ಚುರ್ ಅಂತು.
ಬಾಯಿಗೆ ಬಂದದ್ದನ್ನು ನುಂಗಿ
ಕತ್ತರಿ ಮೇಲೆತ್ತಿ ಹಿಡಿದು ನಿಂತೆ,
ಅವನು ಅಲ್ಲಾಡುವಷ್ಟು ಅಲ್ಲಾಡಲಿ ಎಂದು.

‘ಯಾಕಣ್ಣ,’ ಅಂದಳು ಬೆಂಚಿನಿಂದ ಅವನಜ್ಜಿ,
‘ಕಯ್ಯಿ ಇನ್ನೂ ಸರಿಹೋಗಿಲ್ವಾ?’